ನಾಲ್ಕು ಇಂಚಿನ ರಾಕ್‌ವುಲ್ ಪ್ಯಾನೆಲ್: ಮಡಿಕೇರಿಯ ಮಳೆಗಾಲಗಳನ್ನು ಕಂಡ ಮೇಲೆ

ಕೋಣೆಯ ಮಾರ್ದನಿ ಹೀರಲು ಗೋಡೆಗೆ ಹಾಕುವ, ಕಲ್ಲಿನ ಎಳೆಯ ಉಣ್ಣೆ ತುಂಬಿದ ಈ ಫಲಕಕ್ಕೆ ಐದರಲ್ಲಿ ನಾಲ್ಕು ಅಂಕ. ಕಡಿತವಾದ ಒಂದು ಅಂಕ ಕಣಜದ ಹುಳುಗಳ ಲೆಕ್ಕಕ್ಕೆ. ಅವುಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮಡಿಕೇರಿಯಲ್ಲಿ ನಾನಿರುವುದು ಬಾಡಿಗೆ ಮನೆ. ಮಹಡಿಯ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ. ಅಲ್ಲಿ ಕುಳಿತು ಕಥೆಗಳಿಗೂ ಪಾಠಗಳಿಗೂ ಧ್ವನಿ ಕೊಡುತ್ತೇನೆ. ಪುತ್ತರಿ ಹಬ್ಬ ಹತ್ತಿರ ಬಂದಾಗ ಗೆಳೆಯರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಬಂದು ಒಂದೆರಡು ಹಾಡು ದಾಖಲಿಸಿಕೊಂಡು ಹೋಗುವುದೂ ಉಂಟು. ಹಿಂದಿನ ಬಾಡಿಗೆದಾರರಿಗೂ ಇಂಥದೇ ಹವ್ಯಾಸವಿತ್ತೆಂದು ಕಾಣುತ್ತದೆ. ಒಂದು ಇಂಚು ದಪ್ಪದ ಕಪ್ಪು ಪಿರಮಿಡ್ ಫೋಮನ್ನು ಮೂರು ಗೋಡೆಗಳಿಗೆ ಅಂಟಿಸಿ ಹೋಗಿದ್ದರು.

ಆ ಫೋಮಿನ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಮಾರ್ದನಿಯೇ ಇಲ್ಲ. ಅಂಗಡಿಯವರು ಮಾರುವುದೂ ಇದೇ ಚಪ್ಪಾಳೆಯ ಬಲದ ಮೇಲೆ. ಮೈಕಿನ ಮುಂದೆ ಓದಿದಾಗ ಬಣ್ಣ ಬಯಲಾಗುತ್ತಿತ್ತು. ಸ, ಶ, ಚ ಅಕ್ಷರಗಳು ಕಂಬಳಿ ಹೊದ್ದಂತೆ ಮಂಕಾಗಿ, ‘ಊರು’, ‘ದೂರ’, ‘ಹೋಗು’ ಎಂಬಲ್ಲಿ ಸ್ವರ ಮಾತ್ರ ಗುಂಯ್ ಎಂದು ಊದಿಕೊಳ್ಳುತ್ತಿತ್ತು. ತೆಳುವಾದ ಫೋಮು ಮೇಲಿನ ಸದ್ದನ್ನು ತಿಂದು ಕೆಳಗಿನದನ್ನು ಹಾಗೆಯೇ ಬಿಟ್ಟರೆ ಆಗುವುದು ಇದೇ. ಕೋಣೆ ಶಾಂತವಾಗುವುದಿಲ್ಲ, ಮಂಕಾಗಿ ಗುಂಯ್‌ಗುಡುತ್ತದೆ.

ಕಾರಣ ಸರಳ. ಇಂಥ ಫಲಕಗಳು ಶಬ್ದವನ್ನು ತಡೆಯುವುದಿಲ್ಲ; ಚಲಿಸುವ ಗಾಳಿಯನ್ನು ತಮ್ಮ ಎಳೆಗಳ ನಡುವೆ ಉಜ್ಜಿಸಿ ಸುಸ್ತು ಮಾಡುತ್ತವೆ. ಗೋಡೆಗೆ ತಾಗಿದಂತೆ ಇರುವ ಗಾಳಿ ಅಲುಗಾಡುವುದೇ ಇಲ್ಲ. ಅದರ ಓಡಾಟ ಹೆಚ್ಚಿರುವುದು ಗೋಡೆಯಿಂದ ಕಾಲು ತರಂಗಾಂತರದಷ್ಟು ಈಚೆಗೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 1000 ಹರ್ಟ್ಸ್ (ಸೆಕೆಂಡಿಗೆ 1000 ಕಂಪನ) ಸ್ವರಕ್ಕೆ ಆ ದೂರ ಎಂಟೂವರೆ ಸೆಂಟಿಮೀಟರ್, 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ದಪ್ಪದ ಫೋಮು ಗೋಡೆಗೆ ಅಂಟಿ ಕುಳಿತು ಗಂಡಸಿನ ಕಂಠದ ಗುಂಗನ್ನು ಹಿಡಿಯಲಿ ಎಂದು ಬಯಸುವುದು ಅದಕ್ಕೂ ಅನ್ಯಾಯ. ಒರಟು ಲೆಕ್ಕದಲ್ಲಿ ಒಂದು ಇಂಚು ಚೆನ್ನಾಗಿ ಕೆಲಸ ಮಾಡುವುದು 1000 ಹರ್ಟ್ಸ್‌ನಿಂದ ಮೇಲೆ, ಎರಡು ಇಂಚು 500ರಿಂದ ಮೇಲೆ. ನಾಲ್ಕು ಇಂಚು 250ರವರೆಗೆ ಇಳಿಯುತ್ತದೆ. ಹಿಂದೆ ಅಷ್ಟೇ ಜಾಗ ಖಾಲಿ ಬಿಟ್ಟರೆ ಇನ್ನೂ ಕೆಳಕ್ಕೆ.

ಕೊಳ್ಳುವವರು ಫಲಕ ಎಷ್ಟು ಸದ್ದು ಹೀರುತ್ತದೆಂದು ಹೇಳುವ ಎನ್‌ಆರ್‌ಸಿ ಅಂಕಿಯನ್ನು ನೋಡಿ ಮರುಳಾಗಬಾರದು. ಅದು 250, 500, 1000, 2000 ಹರ್ಟ್ಸ್‌ಗಳಲ್ಲಿ ಹೀರಿಕೆಯ ಸರಾಸರಿ ಅಷ್ಟೇ. 250ಕ್ಕಿಂತ ಕೆಳಗೆ ಏನಾಗುತ್ತದೆ ಎಂಬ ಸುದ್ದಿ ಅದರಲ್ಲಿಲ್ಲ. ನನ್ನ ತೊಂದರೆ ಇದ್ದದ್ದೋ ಅಲ್ಲೇ. 12 ಅಡಿಯ ಉದ್ದ 47 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ, 10 ಅಡಿಯ ಅಗಲ 56ರಲ್ಲಿ. ಇವುಗಳ ಇಮ್ಮಡಿ 94 ಮತ್ತು 112. ನನ್ನ ಕಂಠದ ಮೂಲ ಸ್ವರ ಓಡಾಡುವ ಜಾಗವೇ ಅದು. ಮಾರಾಟಗಾರರನ್ನು 125 ಹರ್ಟ್ಸ್‌ನ ಅಂಕಿ ಕೇಳಿ. ಕೊಡಲಾಗದವರ ಪ್ಯಾನೆಲನ್ನು ಗೋಡೆಯ ಅಲಂಕಾರಕ್ಕೆಂದು ತಿಳಿದೇ ಕೊಳ್ಳಿ.

ನಾನು ಆರಿಸಿದ್ದು ಘನಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವುಲ್, 4 ಅಡಿಗೆ 2 ಅಡಿ, ನಾಲ್ಕು ಇಂಚು ದಪ್ಪ. ಚೌಕಟ್ಟು ಮಾಡಿಕೊಟ್ಟ ಆಚಾರಿಯವರು ಅಳತೆ ಬರೆದುಕೊಳ್ಳುವಾಗ, “ಇಷ್ಟು ದಪ್ಪ ಯಾಕೆ ಸಾರ್? ಎರಡು ಇಂಚಿನಲ್ಲಿ ಮಾಡಿದರೆ ನೋಡಲೂ ಚಂದ, ಖರ್ಚೂ ಅರ್ಧ” ಎಂದರು. ಚಂದದ ಮಾತು ನಿಜ. ಖರ್ಚು ಮಾತ್ರ ಅರ್ಧವಾಗುವುದಿಲ್ಲ. ಒಳಗಿನ ಉಣ್ಣೆಯ ಬೆಲೆ ಇಮ್ಮಡಿಯಾದರೂ ಕೂಲಿ, ಬಟ್ಟೆ, ಕೊಕ್ಕೆ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ. ಒಂದು ಫಲಕದ ಉಣ್ಣೆ ಮೂರೂವರೆ ಕಿಲೋ ಚಿಲ್ಲರೆ ತೂಗುತ್ತದೆ, ಚೌಕಟ್ಟಿನ ತೂಕ ಬೇರೆ. ಸಾಧಾರಣ ಗೋಡೆಗೆ ಅದು ಭಾರವಲ್ಲ. ತುಂಬುವಾಗ ಮಾತ್ರ ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು. ಇಲ್ಲವಾದರೆ ಮೈಯೆಲ್ಲ ತುರಿಕೆ.

ಎಂಟು ಫಲಕ ಹಾಕಿಸಿದೆ. ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ನಾಲ್ಕು, ಮೈಕಿನ ಎಡಬಲದ ಗೋಡೆಗಳಿಗೆ ಒಂದೊಂದು, ಬೆನ್ನ ಹಿಂದೆ ಎರಡು. ಪಕ್ಕದ ಗೋಡೆಯಲ್ಲಿ ಜಾಗ ಗುರುತಿಸಲು ಕನ್ನಡಿ ಸಾಕು: ಒಬ್ಬರು ಗೋಡೆಯುದ್ದಕ್ಕೂ ಅದನ್ನು ಸರಿಸುತ್ತಾ ಹೋಗಲಿ, ಕುಳಿತವರಿಗೆ ಅದರಲ್ಲಿ ಮೈಕು ಎಲ್ಲಿ ಕಾಣಿಸುತ್ತದೋ ಅಲ್ಲೊಂದು ಗುರುತು. ಎಂಟು ಫಲಕವೆಂದರೆ ಸುಮಾರು ಆರು ಚದರ ಮೀಟರ್. ನನ್ನ ಕೋಣೆಯ ಅನುರಣನ, ಎಂದರೆ ಸದ್ದು ಅಡಗಲು ಹಿಡಿಯುವ ಹೊತ್ತು, ಸೆಕೆಂಡಿನ ನಾಲ್ಕು ದಶಾಂಶಕ್ಕೆ ಇಳಿಯಲು ಲೆಕ್ಕದ ಪ್ರಕಾರ 13 ಚದರ ಮೀಟರ್ ಹೀರಿಕೆ ಬೇಕು. ಉಳಿದದ್ದನ್ನು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಮತ್ತು ಹಳೆಯ ಹಾಸಿಗೆ ಹಂಚಿಕೊಂಡಿವೆ. ‘ಊರು’ ಈಗ ಊರಾಗಿಯೇ ಕೇಳಿಸುತ್ತದೆ. ದುಡಿಯ ಪೆಟ್ಟು ಬಿದ್ದಲ್ಲೇ ನಿಲ್ಲುತ್ತದೆ, ಆದರೆ ಅದರ ಚರ್ಮದ ಚುರುಕು ಉಳಿದಿದೆ. ಫೋಮಿನ ಕಾಲದಲ್ಲಿ ಹೋಗುತ್ತಿದ್ದದ್ದು ಆ ಚುರುಕೇ. 100 ಹರ್ಟ್ಸ್‌ಗಿಂತ ಕೆಳಗಿನ ಗುಂಗು ಪೂರ್ತಿ ಅಳಿದಿಲ್ಲ. ನಾಲ್ಕು ಇಂಚಿನಿಂದ ಅದನ್ನು ನಿರೀಕ್ಷಿಸಲೂ ಬಾರದು. ದಾಖಲಿಸುವಾಗ 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿಬಿಡುತ್ತೇನೆ.

ಇನ್ನು ತೇವ. ಬಯಲುಸೀಮೆಯ ವಿಮರ್ಶೆ ಓದಿ ಪ್ಯಾನೆಲ್ ತರಿಸುವ ಕೊಡಗಿನವರು ಮರೆಯುವುದು ಇದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಡುವಣ ಗೋಡೆ ಒಣಗುವ ಮಾತೇ ಇಲ್ಲ. ತಣ್ಣನೆಯ ಗೋಡೆಗೆ ಒತ್ತಿ ಕುಳಿತ ವಸ್ತುವಿನ ಹಿಂದೆ ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ. ಹಳೆಯ ಫೋಮನ್ನು ಕಿತ್ತಾಗ ಅಂಟಿನೊಂದಿಗೆ ಬಣ್ಣವೂ ಹಾಳೆ ಹಾಳೆಯಾಗಿ ಬಂತು. ಹಿಂದೆ ಪಿರಮಿಡ್‌ಗಳ ಸಾಲಿಗೆ ಸರಿಯಾಗಿ ಕಪ್ಪು ಚುಕ್ಕಿಗಳು. ಫೋಮು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಹಳಸಿತ್ತು. ಅದು ಬೆಂಕಿಗೂ ಸುಲಭದ ತುತ್ತು. ಅಂಥದ್ದನ್ನು ಸ್ವಿಚ್‌ಬೋರ್ಡಿನ ಸುತ್ತ ಅಂಟಿಸಿದ್ದವರ ಧೈರ್ಯ ದೊಡ್ಡದು. ರಾಕ್‌ವುಲ್ ಕಲ್ಲಿನ ಎಳೆ, ಹೊತ್ತಿಕೊಳ್ಳುವುದಿಲ್ಲ.

ನನ್ನ ಫಲಕಗಳನ್ನು ಗೋಡೆಯಿಂದ ಎರಡು ಇಂಚು ಈಚೆಗೆ, ಮರದ ಪಟ್ಟಿಯ ಮೇಲೆ ತೂಗುಹಾಕಿಸಿದ್ದೇನೆ. ಈ ಖಾಲಿ ಜಾಗ ಕೆಳಸ್ತರದ ಹೀರಿಕೆಯನ್ನು ಪುಕ್ಕಟೆಯಾಗಿ ಹೆಚ್ಚಿಸುತ್ತದೆ, ಗೋಡೆಗೂ ಉಸಿರಾಡಲು ಬಿಡುತ್ತದೆ. ಮಳೆ ಕಳೆದ ಮೇಲೆ ಪ್ರತಿ ವರ್ಷ ಇಳಿಸಿ ನೋಡುತ್ತೇನೆ. ಗೋಡೆ ಸ್ವಚ್ಛ, ಉಣ್ಣೆ ಒಣಗಿರುತ್ತದೆ. ಆದರೆ ಆ ಎರಡು ಇಂಚಿನ ಸಂದಿಯಲ್ಲಿ ಕಣಜಗಳು ಮಣ್ಣಿನ ಗೂಡು ಮೆತ್ತಿರುತ್ತವೆ, ಹಲ್ಲಿಗಳು ಮೊಟ್ಟೆ ಇಟ್ಟಿರುತ್ತವೆ. ಗೂಡು ಕೆರೆದು ತೆಗೆದಷ್ಟೂ ಮತ್ತೆ ಕಟ್ಟುತ್ತವೆ. ಸಂದಿಯ ಅಂಚಿಗೆ ಸೊಳ್ಳೆಪರದೆಯ ಬಲೆ ಹೊಡೆದ ಫಲಕಗಳಲ್ಲಿ ಈ ಕಾಟವಿಲ್ಲ, ಉಳಿದವಕ್ಕೂ ಹೊಡೆಯಬೇಕು.

ಬಟ್ಟೆಯ ಬಗ್ಗೆ ಒಂದು ಮಾತು. ಕಾಫಿಯ ಗೋಣಿಯನ್ನು ಹೊದಿಸಿದರೆ ಊರಿನ ಸೊಗಸು ಬರುತ್ತದೆಂದು ಹಲವರು ಹೇಳುತ್ತಾರೆ. ಸೊಗಸು ನಿಜ, ಶಬ್ದವೂ ಸರಾಗವಾಗಿ ಒಳಹೋಗುತ್ತದೆ. ಆದರೆ ಸೆಣಬು ತೇವ ಹೀರುತ್ತದೆ, ಜುಲೈ ಹೊತ್ತಿಗೆ ಕೋಣೆಯೆಲ್ಲ ಗೋದಾಮಿನ ವಾಸನೆ. ಬಿಡಿ ನೇಯ್ಗೆಯ ಪಾಲಿಯೆಸ್ಟರ್ ಬಟ್ಟೆಯೇ ಇಲ್ಲಿಗೆ ಸರಿ. ಬಾಯಿಗೆ ಹಿಡಿದು ಊದಿ ನೋಡಿ, ಉಸಿರು ಆಚೆ ದಾಟಿದರೆ ಶಬ್ದವೂ ದಾಟುತ್ತದೆ.

ಮಳೆಯ ಸದ್ದು ಕಡಿಮೆಯಾಯಿತೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲ. ನಮ್ಮ ತಾರಸಿಯ ಮೇಲೆ, ಈ ಊರಿನ ಅನೇಕ ಮನೆಗಳಂತೆ, ಶೀಟಿನ ಮಾಡು ಇದೆ. ಆಷಾಢದ ಮಳೆ ಅದರ ಮೇಲೆ ಬಡಿಯುವಾಗ ನಾಲ್ಕು ಇಂಚಲ್ಲ, ನಲವತ್ತು ಇಂಚಿನ ಉಣ್ಣೆ ಗೋಡೆಯಲ್ಲಿದ್ದರೂ ಅಷ್ಟೇ. ಹೊರಗಿನ ಸದ್ದನ್ನು ತಡೆಯುವುದು ತೂಕ ಮತ್ತು ಸಂದಿಯಿಲ್ಲದ ಮುಚ್ಚಿಗೆ. ಬಾಗಿಲು, ಕಿಟಕಿಗಳಿಗೆ ರಬ್ಬರ್ ಬೀಡಿಂಗ್ ಹಾಕಿಸಿದ್ದು ರಸ್ತೆಯ ಜೀಪುಗಳನ್ನು ಸ್ವಲ್ಪ ದೂರ ತಳ್ಳಿತು. ಮಳೆಗೆ ನನ್ನ ಉಪಾಯ ಒಂದೇ: ಹೊಳವಾದಾಗ ಓದುವುದು.

ಎಲ್ಲರಿಗೂ ನಾಲ್ಕು ಇಂಚೇ ಬೇಕೆಂದಲ್ಲ. ಪರಿಚಯದವರೊಬ್ಬರ ಹೋಂಸ್ಟೇಯ ಊಟದ ಹಾಲ್‌ನಲ್ಲಿ ಟೈಲ್ಸ್ ನೆಲ, ಗಾಜಿನ ಕಿಟಕಿ. ಎರಡು ಕುಟುಂಬ ಕುಳಿತರೆ ಸಂತೆ. ಅಲ್ಲಿ ಕಾಡುವುದು ತಟ್ಟೆ, ಚಮಚ, ಮಕ್ಕಳ ಕೂಗು, ಎಲ್ಲವೂ ಮೇಲಿನ ಸ್ವರಗಳು. ಅವರಿಗೆ ಎರಡು ಇಂಚು ಧಾರಾಳ ಸಾಕು ಎಂದು ಹೇಳಿದೆ. ಒಂಬತ್ತು ಮಿಲಿಮೀಟರಿನ ಪಾಲಿಯೆಸ್ಟರ್ ಹಲಗೆಯನ್ನೇ ಹಾಕುವುದಾದರೂ ಹಿಂದೆ ಎರಡು ಇಂಚು ಜಾಗ ಬಿಟ್ಟು, ಗೋಡೆಗಿಂತ ಹೆಚ್ಚಾಗಿ ಮೇಜುಗಳ ನೆತ್ತಿಯ ಮೇಲೆ ತೂಗುಹಾಕಲಿ.