ಪಾಳಿ ಕೆಲಸದವರ ನಿದ್ದೆಗೆ ಫಿಟ್‌ನೆಸ್ ಬ್ಯಾಂಡ್: ಮೂರು ತಿಂಗಳ ಬಳಕೆಯ ನಂತರ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಮೇಲೆ ದುಡಿಯುವ ನಾನು, ನಿದ್ದೆಯ ಲೆಕ್ಕ ಸಿಗಲೆಂದೇ ರಾಯಚೂರಿನಲ್ಲಿ ಮೂರು ಸಾವಿರ ರೂಪಾಯಿ ಕೊಟ್ಟು ತಂದ ಬ್ಯಾಂಡನ್ನು ಮಾರ್ಚ್‌ನಿಂದ ಮೇ ಕೊನೆಯವರೆಗೆ ಎಡಗೈಗೆ ಕಟ್ಟಿಕೊಂಡೇ ಮಲಗಿದ್ದೇನೆ.

ಬ್ಯಾಂಡಿಗೆ ನಿದ್ದೆ ನೇರವಾಗಿ ಕಾಣುವುದಿಲ್ಲ. ಅದು ಕೈಯ ಅಲುಗಾಟವನ್ನು ಗುರುತಿಸುತ್ತದೆ, ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ, ಉಳಿದದ್ದೆಲ್ಲ ಅಂದಾಜು. ಆಸ್ಪತ್ರೆಯ ನಿದ್ರಾ ಪರೀಕ್ಷೆಯಲ್ಲಿ ಮೆದುಳಿನ ವಿದ್ಯುತ್ ಅಲೆ, ಕಣ್ಣಿನ ಚಲನೆ, ಸ್ನಾಯುವಿನ ಬಿಗಿತ ಇವೆಲ್ಲ ದಾಖಲಾಗುತ್ತವೆ. ಆದ್ದರಿಂದ ‘ಗಾಢ ನಿದ್ದೆ 52 ನಿಮಿಷ’ ಎಂದು ಬ್ಯಾಂಡ್ ತೋರಿಸಿದರೆ ಐವತ್ತರ ಮೇಲಿನ ಆ ಎರಡು ನಿಮಿಷದ ನಿಖರತೆಯನ್ನು ನಾನು ನಂಬುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ, ನಿದ್ದೆ ಹತ್ತದೆ ಚುಕ್ಕಿ ನೋಡುತ್ತ ಮಿಸುಕದೆ ಬಿದ್ದುಕೊಂಡಿದ್ದ ಮುಕ್ಕಾಲು ಗಂಟೆಯನ್ನೂ ಅದು ‘ಹಗುರ ನಿದ್ದೆ’ ಎಂದೇ ಬರೆದುಕೊಂಡಿತ್ತು.

ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಕೊರತೆ ಹಗಲು ನಿದ್ದೆಯದು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಮಲಗಿದ ಐದು ಗಂಟೆಯನ್ನು ‘ಕಿರುನಿದ್ದೆ’ಯ ಪಟ್ಟಿಗೆ ಸೇರಿಸಿ, ನಿದ್ದೆಗೆ ತಾನು ಕೊಡುವ ಆ ದಿನದ ಅಂಕವನ್ನು ಪಾತಾಳಕ್ಕೆ ಇಳಿಸಿಬಿಡುತ್ತದೆ. ಅಂಕ ನೋಡಿದ ಮೇಲೆ ಇಲ್ಲದ ಆಯಾಸವೂ ಬಂದಂತಾಗುತ್ತಿದ್ದುದರಿಂದ ಎರಡನೆಯ ತಿಂಗಳಲ್ಲಿ ಆ ಸೂಚನೆಯನ್ನೇ ನಿಲ್ಲಿಸಿದೆ.

ಹಾಗೆಂದು ಹಣ ವ್ಯರ್ಥವಾಗಲಿಲ್ಲ. ಮಲಗುವ, ಏಳುವ ಹೊತ್ತು ಎಷ್ಟು ಅಸ್ತವ್ಯಸ್ತವಾಗಿದೆ ಎಂಬುದು ವಾರಗಳ ದಾಖಲೆಯನ್ನು ಒಟ್ಟಿಗೆ ನೋಡಿದಾಗ ಕಣ್ಣಿಗೆ ಹೊಡೆಯಿತು. ನಿದ್ದೆಗೆ ಜಾರಲು ಮೈಯ ಒಳಗಿನ ತಾಪ ತುಸು ಇಳಿಯಬೇಕು. ಕಾದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ ರಾತ್ರಿಗಳಲ್ಲಿ ನನ್ನ ನಾಡಿ 68ರ ಸುತ್ತ ಇದ್ದರೆ ಮಾಳಿಗೆಯ ಮೇಲೆ 62ಕ್ಕೆ ಇಳಿಯುತ್ತಿತ್ತು. ರಾತ್ರಿ ಒಂಬತ್ತರ ಚಹಾವನ್ನು ಸಂಜೆ ನಾಲ್ಕಕ್ಕೆ ಸರಿಸಿದ ಮೇಲೆ ಆ ಇಳಿತವೂ ಬೇಗ ಕಾಣತೊಡಗಿತು. ಗೊರಕೆಯ ವಿಷಯವನ್ನು ಮಾತ್ರ ಬ್ಯಾಂಡಿಗಿಂತ ಮೊದಲು ತಿಳಿಸಿದವರು ಮನೆಯವರು. ಬ್ಯಾಂಡ್ ತೋರಿಸುವ ರಕ್ತದ ಆಮ್ಲಜನಕದ ಅಂಕಿ ಸರಿಯಿದೆಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿಕೊಂಡೆ.

ಜೊತೆಗೆ ಬಂದ ರಬ್ಬರಿನ ಪಟ್ಟಿ ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ಮಣಿಕಟ್ಟಿನ ಸುತ್ತ ಬೆವರುಸಾಲೆ ಎದ್ದಿತು. 250 ರೂಪಾಯಿಯ ಬಟ್ಟೆ ಪಟ್ಟಿ ಹಾಕಿದ ಮೇಲೆ ಸರಿಹೋಯಿತು. ಹಗಲು ಕೆಲಸದವರು ಈ ದರದ ಬ್ಯಾಂಡನ್ನು ಕೊಳ್ಳಬಹುದು. ಪಾಳಿಯವರು ಹಗಲಿನ ನಿದ್ದೆಯನ್ನು ಪೂರ್ಣ ನಿದ್ದೆಯೆಂದು ಎಣಿಸುತ್ತದೆಯೇ ಎಂದು ವಿಚಾರಿಸಿಕೊಂಡೇ ದುಡ್ಡು ಕೊಡಬೇಕು. ನಾನು ಅದನ್ನು ಕೇಳದೆ ತಂದವನು.