ಅಡಿಕೆ ಸುಲಿಯುವ ಬೆರಳು ಮತ್ತು ಮೂವತ್ತು ಸೆಕೆಂಡಿನ ಇಸಿಜಿ: ಎರಡು ವರ್ಷದ ಬಳಕೆ

ಬೆರಳಿಟ್ಟರೆ ಇಸಿಜಿ ತೆಗೆಯುವ ಈ ಪುಟ್ಟ ಪಟ್ಟಿ ನಮ್ಮನೆಗೆ ಬಂದು ಎರಡು ವರ್ಷ ದಾಟಿತು. ಎಷ್ಟು ಗ್ರಾಂ, ಯಾವ ಫೋನಿಗೆ ಹೊಂದುತ್ತದೆ ಎಂಬುದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ನನ್ನ ತಕರಾರು ಫೋನಿನ ಆ್ಯಪ್ ಫಲಿತಾಂಶದ ಜಾಗದಲ್ಲಿ ತೋರಿಸುವ ಒಂದೇ ಪದದ ಮೇಲೆ: ‘ಅನ್‌ಕ್ಲಾಸಿಫೈಡ್’.

ಯಾಕೆ ಕೊಂಡೆ ಅಂತ ಮೊದಲು ಹೇಳುತ್ತೇನೆ. ದೊಡ್ಡಮ್ಮನಿಗೆ ಲಕ್ವ ಹೊಡೆದು ಆಸ್ಪತ್ರೆ ಸೇರಿದ ಮೇಲೆಯೇ ಗೊತ್ತಾಗಿದ್ದು, ಅವರ ಹೃದಯದ ಬಡಿತ ಲಯ ತಪ್ಪಿತ್ತು ಎಂದು. ಅದಾಗಿ ಸ್ವಲ್ಪ ದಿನಕ್ಕೆ ಅಮ್ಮನೂ ಆಗಾಗ ‘ಎದೆಯೊಳಗೆ ಮಜ್ಜಿಗೆ ಕಡೆದ ಹಾಗಾಗ್ತಿದೆ’ ಅನ್ನಲು ಶುರು ಮಾಡಿದರು. ವಯಸ್ಸು 71, ಬಿಪಿ ಬೇರೆ ಇದೆ. ನಮ್ಮ ಊರಿಂದ ಸಾಗರ ಪೇಟೆಯ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ. ಅಲ್ಲಿ ಹೋಗಿ ಮಂಚದ ಮೇಲೆ ಮಲಗುವಷ್ಟರಲ್ಲಿ ಕಡೆಯುವುದು ನಿಂತಿರುತ್ತಿತ್ತು. ಮೂರು ಸಲ ಹೋದೆವು, ಮೂರು ಸಲವೂ ಇಸಿಜಿ ನಾರ್ಮಲ್. ಬಂದು ಹೋಗುವ ಈ ತೊಂದರೆಯನ್ನು ಅದು ಬಂದಾಗಲೇ ಹಿಡಿಯಬೇಕು. ಹಾಗಾಗಿ ಅಡಿಕೆ ದುಡ್ಡು ಬಂದ ವಾರವೇ ಆರ್ಡರ್ ಮಾಡಿದೆ.

ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಪರೀಕ್ಷೆ. ಕಾಫಿಗೆ ಮುಂಚೆ ಅಮ್ಮ ಯಾವುದಕ್ಕೂ ಒಪ್ಪುವುದಿಲ್ಲ. ಫೋನು ಚಾರ್ಜಿಗೆ ಹಾಕಿರಬಾರದು, ಹಾಕಿದ್ದರೆ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ಮೊಣಕೈ ಎರಡೂ ಮೇಜಿನ ಮೇಲೆ. ಮಾತಾಡುವ ಹಾಗಿಲ್ಲ. ಆ ಮೂವತ್ತು ಸೆಕೆಂಡು ಅಮ್ಮ ಸುಮ್ಮನಿರುವುದನ್ನು ನೋಡುವುದೇ ನನಗೊಂದು ಖುಷಿ. ಇಪ್ಪತ್ತೈದನೇ ಸೆಕೆಂಡಿಗೆ ಹಿತ್ತಲಲ್ಲಿ ದನ ಕೂಗಿದರೆ ಮುಗಿಯಿತು, ಮತ್ತೆ ಮೊದಲಿಂದ.

ಮಳೆಗಾಲವೆಲ್ಲ ಚೆನ್ನಾಗಿಯೇ ನಡೆಯಿತು. ಸುಗ್ಗಿ ಶುರುವಾಯಿತು ನೋಡಿ, ದಿನಾ ಅದೇ ಪದ. ಅನ್‌ಕ್ಲಾಸಿಫೈಡ್, ಅನ್‌ಕ್ಲಾಸಿಫೈಡ್. ‘ಇವತ್ತೂ ಪಾಸಾಗ್ಲಿಲ್ವಾ ಮಾಣಿ?’ ಅಂತ ಅಮ್ಮ ಕೇಳುವುದು. ಸಾಧನ ಕೆಟ್ಟಿದೆ ಅಂದುಕೊಂಡೆ. ನಾನು ಬೆರಳಿಟ್ಟರೆ ಸರಿ ಬರುತ್ತದೆ! ಆಮೇಲೆ ಅಮ್ಮನ ಕೈ ನೋಡಿದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದೂ ಸುಲಿದೂ ಬೆರಳ ತುದಿ ಚೊಗರು ಹಿಡಿದು ಕಪ್ಪಾಗಿ, ಒಣಗಿದ ತೊಗಟೆಯಂತಾಗಿತ್ತು. ಹೃದಯದ ವಿದ್ಯುತ್ತು ತೀರಾ ಸಣ್ಣದು. ಅಷ್ಟು ಒಣ ಚರ್ಮ ದಾಟಿ ಅದು ಲೋಹಕ್ಕೆ ಸರಿಯಾಗಿ ತಲುಪುವುದಿಲ್ಲ. ನೂರು ವರ್ಷದ ಹಿಂದೆ ಐಂಥೋವೆನ್ ಎಂಬ ಡಚ್ ವಿಜ್ಞಾನಿ ರೋಗಿಗಳ ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಇಸಿಜಿ ತೆಗೆಯುತ್ತಿದ್ದರಂತೆ. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ಹೇಳಿದ ಕೂಡಲೇ ಅಮ್ಮ ‘ಬಾಲ್ದಿ ತರ್ಲಾ?’ ಅಂದರು. ಬಾಲ್ದಿ ಬೇಕಾಗಲಿಲ್ಲ. ಬೆಚ್ಚನೆ ನೀರಲ್ಲಿ ಕೈ ತೊಳೆದು, ಬೆರಳ ತುದಿಗೆ ಒದ್ದೆ ಬಟ್ಟೆ ಒತ್ತಿದರೆ ಸಾಕಾಯಿತು. ಇಷ್ಟು ಸಣ್ಣ ವಿಷಯ ಆ್ಯಪ್‌ನವರು ತಮ್ಮ ಸಹಾಯದ ಪುಟದಲ್ಲಿ ದೊಡ್ಡದಾಗಿ ಬರೆಯಬಾರದಿತ್ತಾ?

2023ರ ಡಿಸೆಂಬರ್, ಒಂದು ಸಂಜೆ. ಅಮ್ಮ ಸುಲಿಯುವುದು ನಿಲ್ಲಿಸಿ ಎದೆ ಹಿಡಿದುಕೊಂಡು ಕೂತರು. ನೋವಿಲ್ಲ, ಮಜ್ಜಿಗೆ ಮಾತ್ರ. ಗಾಬರಿಯಲ್ಲಿ ಕೈ ತೊಳೆಸುವುದು ನನಗೇ ಮರೆತುಹೋಯಿತು. ಮೂರು ಸಲ ಅನ್‌ಕ್ಲಾಸಿಫೈಡ್. ನಾಲ್ಕನೆಯದಕ್ಕೆ ‘ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು’ ಅಂತ ಬಂತು, ಅಂದರೆ ಬಡಿತ ಲಯ ತಪ್ಪುವ ತೊಂದರೆ. ಇದನ್ನೂ ಪೂರ್ತಿ ನಂಬುವ ಹಾಗಿರಲಿಲ್ಲ. ಹಿಂದೊಮ್ಮೆ ಹೀಗೇ ಹೇಳಿ ಹೆದರಿಸಿತ್ತು, ಡಾಕ್ಟರು ನೋಡಿದರೆ ನಡುವೆ ಎರಡು ಹೆಚ್ಚುವರಿ ಬಡಿತ, ಅಷ್ಟೆ.

ಮಾರನೇ ದಿನ ಡಾಕ್ಟರು ಆ್ಯಪ್‌ನ ತೀರ್ಪನ್ನು ಓದಲೂ ಇಲ್ಲ. ನಾಲ್ಕೂ ಇಸಿಜಿ ಗೆರೆಯ ಪಟ್ಟಿ ಪ್ರಿಂಟ್ ತೆಗೆಸಿದರು. ಒಂದು ಬಿಳಿ ಕಾಗದದ ಅಂಚನ್ನು ಗೆರೆಯ ಕೆಳಗಿಟ್ಟು, ನಾಲ್ಕು ಚೂಪು ಶಿಖರಗಳಿಗೆ ಪೆನ್ನಿಂದ ಗುರುತು ಹಾಕಿದರು. ಕಾಗದವನ್ನು ಮುಂದೆ ಸರಿಸಿದರು. ಒಂದು ಗುರುತು ಕೂಡಿಸಿದರೆ ಉಳಿದವು ಮುಂದಿನ ಶಿಖರಗಳಿಗೆ ಕೂಡಲಿಲ್ಲ. ‘ಅಂತರ ಎಲ್ಲೂ ಒಂದೇ ಥರ ಇಲ್ಲ. ಪ್ರತಿ ಶಿಖರದ ಮುಂಚೆ ಪುಟ್ಟ ದಿಬ್ಬ ಇರಬೇಕಿತ್ತು, ಅದೂ ಇಲ್ಲ’ ಅಂದರು. ಅನ್‌ಕ್ಲಾಸಿಫೈಡ್ ಅಂದಿದ್ದ ಮೂರರಲ್ಲಿ ಎರಡರಲ್ಲೂ ಅದೇ ಕಥೆ! ಅಂದರೆ ಆ ಪದಕ್ಕೆ ‘ಏನಿಲ್ಲ’ ಅಂತ ಅರ್ಥವಲ್ಲ, ‘ನನಗೆ ತಿಳಿಯಲಿಲ್ಲ’ ಅಂತ.

ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆ ಒತ್ತುವುದು ಬಿಟ್ಟು ಸುಮ್ನೆ ಅದುರುತ್ತದೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ದೊಡ್ಡಮ್ಮನಿಗಾದದ್ದೇ. ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ಪರೀಕ್ಷೆ ಆದವು. ವಯಸ್ಸು, ಬಿಪಿ ಎಲ್ಲ ಲೆಕ್ಕ ಹಾಕಿ ಹೆಪ್ಪು ತಡೆಯುವ ಮಾತ್ರೆ ಬರೆದರು. ಆಸ್ಪಿರಿನ್ ಸಾಕಾಗಲ್ವಾ ಎಂದು ಕೇಳಿದೆ. ಈ ತೊಂದರೆಯಲ್ಲಿ ಲಕ್ವ ತಡೆಯಲು ಅದು ಸಾಲದು ಅಂದರು.

ಇಲ್ಲಿಂದ ನನ್ನ ಹುಚ್ಚು ಶುರು. ದಿನಕ್ಕೆ ಆರು ಸಲ ತೆಗೆಯುತ್ತಿದ್ದೆ. ಒಂದು ದಿನ ಸಾಧನವೇ ಕಾಣೆ. ಅಮ್ಮ ಅದನ್ನು ಅವಲಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದರು. ರೋಗ ಗೊತ್ತಾಗಿ ಮಾತ್ರೆಯೂ ಶುರುವಾಗಿದೆ, ಇನ್ನು ಏನಾದರೂ ಅನಿಸಿದಾಗ ತೆಗೆದರೆ ಸಾಕು ಅಂತ ಡಾಕ್ಟರು ನನಗೇ ಬುದ್ಧಿ ಹೇಳಿದರು. ಈಗ ಹಾಗೇ ಮಾಡುತ್ತಿದ್ದೇವೆ.

ಎರಡನೇ ವರ್ಷದಲ್ಲಿ ಆ್ಯಪ್‌ನವರು ಹಳೆಯ ಇಸಿಜಿ ಪಟ್ಟಿಗಳನ್ನು ನೋಡಲು ವರ್ಷದ ಚಂದಾ ಕೇಳಿದರು. ನಮ್ಮಮ್ಮನ ಎದೆಬಡಿತಕ್ಕೆ ನಾವೇ ಬಾಡಿಗೆ ಕಟ್ಟಬೇಕಾ? ನಾನು ಕಟ್ಟಲಿಲ್ಲ. ಪ್ರತಿ ಸಲ ಪಿಡಿಎಫ್ ಮಾಡಿ ಉಳಿಸಿಕೊಳ್ಳುತ್ತೇನೆ. ನೀವೂ ಮೊದಲ ದಿನದಿಂದಲೇ ಹಾಗೆ ಮಾಡಿ.

ಪಕ್ಕದ ಮನೆಯವರೊಬ್ಬರು ಎದೆನೋವು, ಬೆವರು ಅಂತ ‘ನಿಮ್ಮ ಮಿಷನ್ ಹಚ್ಚಿ’ ಎಂದು ಬಂದರು. ಹಚ್ಚಲಿಲ್ಲ, ಜೀಪು ಹತ್ತಿಸಿದೆ. ಹಾರ್ಟ್ ಅಟ್ಯಾಕ್ ಇದೆಯೋ ಇಲ್ಲವೋ ಎಂದು ಇದು ಹೇಳುವುದಿಲ್ಲ. ಇದರಲ್ಲಿ ನಾರ್ಮಲ್ ಬಂತೆಂದು ಮನೆಯಲ್ಲಿ ಕೂತರೆ ಜೀವಕ್ಕೇ ಕುತ್ತು.

ಎಲ್ಲರಿಗೂ ಬೇಕಾ? ಸ್ವೀಡನ್ನಿನಲ್ಲಿ 75–76 ವರ್ಷದವರನ್ನು ಕರೆದು, ಎರಡು ವಾರ ಮನೆಯಲ್ಲೇ ಹೀಗೆ ಇಸಿಜಿ ತೆಗೆಸಿ ನೋಡಿದರು. ಫಲಿತಾಂಶ 2021ರಲ್ಲಿ ಬಂತು. ಲಾಭ ಇತ್ತು, ಆದರೆ ಸಣ್ಣದು. ಮೂವತ್ತರ ಹುಡುಗರು ಸುಮ್ನೆ ಕುತೂಹಲಕ್ಕೆ ಕೊಂಡರೆ ನಿದ್ದೆಗೇಡು ಜಾಸ್ತಿ. ಮನೆಯಲ್ಲಿ 65 ದಾಟಿದವರಿದ್ದರೆ ಮೊದಲು ಮಣಿಕಟ್ಟಿನ ನಾಡಿಗೆ ಎರಡು ಬೆರಳಿಟ್ಟು ನೋಡಿ. ದುಡ್ಡಿಲ್ಲ, ಚಂದಾ ಇಲ್ಲ. ಲಯ ಸಿಗದೆ ಹೋದರೆ ಡಾಕ್ಟರ ಹತ್ತಿರ ಹೋಗಿ. ಅಮ್ಮನ ಹಾಗೆ ಬಂದು ಹೋಗುವ ತೊಂದರೆಯಾದರೆ ಮಾತ್ರ ಇದಕ್ಕೆ ದುಡ್ಡು ಹಾಕಬಹುದು.

ಐದಕ್ಕೆ ಮೂರೂವರೆ ಸ್ಟಾರ್. ಚಂದಾಕ್ಕೆ ಒಂದು ಕಳೆದೆ, ಒದ್ದೆ ಬಟ್ಟೆಯ ವಿಷಯ ಹೇಳದ್ದಕ್ಕೆ ಅರ್ಧ.