ಮೊನೆ ಟೋಪಿಗೆ ಕ್ಯಾಮೆರಾ ಪೆಟ್ಟಿಗೆ: ಕಾರವಾರದ ಮಳೆಗಾಲದಲ್ಲಿ 50 ಲೀಟರ್ ಡ್ರೈ ಕ್ಯಾಬಿನೆಟ್

ಕ್ಯಾಮೆರಾ ಲೆನ್ಸುಗಳಿಗೆಂದು ಮಾರುವ, ಒಳಗಿನ ಗಾಳಿಯ ತೇವವನ್ನು ಹಿಡಿತದಲ್ಲಿಡುವ 50 ಲೀಟರಿನ ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್‌ನಲ್ಲಿ ಜರ್ಮನ್ ಸೈನ್ಯದ ಹಳೆಯ ಮೊನೆ ಟೋಪಿಯಾದ ಪಿಕೆಲ್‌ಹೌಬೆ ಇಡಬಹುದೇ? ಇಡಬಹುದು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಸಂಗ್ರಾಹಕರು ಟೋಪಿಗೆ ದುಡ್ಡು ಕೂಡಿಸುವಾಗಲೇ ಇದಕ್ಕೂ ಕೂಡಿಸಿಡಬೇಕು. ಆದರೆ ಜೊತೆಗೆ ಬರುವ ಕೈಪಿಡಿ ಹೇಳುವಂತೆ ತೇವವನ್ನು 40 ಶೇಕಡಾಕ್ಕೆ ಇಟ್ಟುಬಿಟ್ಟರೆ ಕೆಲಸ ಕೆಟ್ಟಿತು. ಅದು ಗಾಜಿಗೆ ಹೇಳಿದ ಲೆಕ್ಕ, ಚರ್ಮಕ್ಕಲ್ಲ.

1842ರಲ್ಲಿ ಜರ್ಮನ್ ರಾಜ್ಯವಾಗಿದ್ದ ಪ್ರಶ್ಯದ ದೊರೆ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಜಾರಿಗೆ ತಂದ ಈ ಟೋಪಿಗಳ ಪೈಕಿ ಇಂದು ಹೆಚ್ಚಾಗಿ ಕೈಗೆ ಸಿಗುವುದು 1895 ಮತ್ತು 1915ರ ಮಾದರಿಗಳು. ಟೋಪಿಯ ಒಡಲು ಅಚ್ಚಿನ ಮೇಲೆ ಗಟ್ಟಿ ಮಾಡಿ ಕಪ್ಪು ಮೆರುಗೆಣ್ಣೆ ಬಳಿದ ಚರ್ಮ. 1895ರದಕ್ಕೆ ಹಿತ್ತಾಳೆಯ ಮೊನೆ, ಹಿತ್ತಾಳೆಯ ಹದ್ದು. 1915ರದಕ್ಕೆ ಬೂದು ಬಣ್ಣದ ಉಕ್ಕು. ನಮ್ಮ ಕಡಲಗಾಳಿಯಲ್ಲಿ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು, ಚರ್ಮಕ್ಕೆ ಬೂಷ್ಟು. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟು ಏಳಲು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮನೆಯೊಳಗೆ ಆ ಗೆರೆ ದಾಟದ ದಿನ ಸಿಗುವುದು ಕಷ್ಟ.

ಹಾಗೆಂದು ವಿಪರೀತ ಒಣಗಿಸಿದರೂ ನಷ್ಟವೇ. ಒಣಗಿದ ಚರ್ಮ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಸಿಪಾಯಿಯ ಟೋಪಿಯಲ್ಲಿ ಮುಂಭಾಗದ ಹದ್ದಿನ ಬೆನ್ನಿಗೆ ಎರಡು ಬಳೆಗಳಿರುತ್ತವೆ. ಅವು ಚರ್ಮದ ಎರಡು ತೂತುಗಳಲ್ಲಿ ತೂರಿ, ಒಳಗಡೆ ಪುಟ್ಟ ಚರ್ಮದ ತುಂಡುಗಳಿಂದ ಬಿಗಿಯಾಗಿರುತ್ತವೆ. ಚರ್ಮ ಕುಗ್ಗಿದಾಗ ಆ ತೂತುಗಳ ಅಂಚಿನಿಂದಲೇ ಸೀಳು ಹೊರಡುತ್ತದೆ. ಮೆರುಗೆಣ್ಣೆಯಲ್ಲಿ ಕೂದಲೆಳೆಯ ಬಿರುಕು, ಮುಂದಿನ ಚಾಚಿನ ಹೊಲಿಗೆ ಕೀಳುವುದು ಅದರ ಬೆನ್ನಿಗೇ. ಆದ್ದರಿಂದ ಗುಂಡಿಯನ್ನು 50ಕ್ಕೆ ಇಡಿ. 45ರಿಂದ 55ರ ನಡುವೆ ಓಡಾಡಿದರೆ ಚಿಂತೆಯಿಲ್ಲ. ತೇವ ಕುಡಿದ ಟೋಪಿಯನ್ನು ಒಮ್ಮೆಲೇ 50ಕ್ಕೆ ಇಳಿಸಬೇಡಿ. 70ರಿಂದ ಶುರುಮಾಡಿ, ವಾರಕ್ಕೆ 5ರಂತೆ ಇಳಿಸುತ್ತ ಬನ್ನಿ.

ಬಾಗಿಲಿನ ಮೇಲಿನ ಅಂಕಿಯನ್ನು ಪರೀಕ್ಷಿಸದೆ ನಂಬಬಾರದು. ಬೇರೊಂದು ಸಣ್ಣ ತೇವಮಾಪಕವನ್ನು, ನೀರು ಹನಿಸಿ ಒದ್ದೆ ಮರಳಿನ ಹದಕ್ಕೆ ತಂದ ಒಂದು ಚಮಚ ಉಪ್ಪಿನ ಜೊತೆ, ಗಾಳಿಯಾಡದ ಚೀಲದಲ್ಲಿ 12 ಗಂಟೆ ಇಡಿ. ಅದು 75 ತೋರಿಸಬೇಕು. ಎಷ್ಟು ಹೆಚ್ಚುಕಡಿಮೆಯೋ ಅಷ್ಟನ್ನು ಲೆಕ್ಕಕ್ಕೆ ಹಿಡಿದು ಕ್ಯಾಬಿನೆಟ್‌ನೊಳಗೆ ಇಟ್ಟು ಹೋಲಿಸಿ. ಇಲ್ಲಿ ಪರೀಕ್ಷಿಸಿ ನೋಡಿದ ಪೆಟ್ಟಿಗೆ 4 ಅಂಕ ಕಡಿಮೆ ತೋರಿಸಿತು, ಅಂದರೆ ಗುಂಡಿಯನ್ನು 46ಕ್ಕೆ ಇಟ್ಟರೆ ಒಳಗೆ ನಿಜವಾಗಿ 50. ಪರೀಕ್ಷೆಗೆ ಪ್ಯಾಕೆಟ್ಟಿನ ಶುದ್ಧ ಉಪ್ಪೇ ಬೇಕು. ಸಾಣಿಕಟ್ಟಾದ ಕಲ್ಲುಪ್ಪು ಅಡುಗೆಗೆ ಎಷ್ಟು ಒಳ್ಳೆಯದಾದರೂ ಅದರಲ್ಲಿ ಮೆಗ್ನೀಸಿಯಂ ಲವಣ ಉಳಿದಿರುತ್ತದೆ, ಅಂಕಿ 75ಕ್ಕಿಂತ ಕೆಳಗೆ ಇಳಿಯುತ್ತದೆ.

ಅಳತೆ ಸಾಲುತ್ತದೆ. ಎರಡು ತಟ್ಟೆಗಳಲ್ಲಿ ಮೇಲಿನದನ್ನು ತೆಗೆದರೆ ಮೊನೆಸಮೇತ ಒಂದು ಟೋಪಿ ಆರಾಮವಾಗಿ ಕೂರುತ್ತದೆ. ಎರಡು ಹಿಡಿಸಲು ಹೋದರೆ ಚಾಚುಗಳು ಗೋಡೆಗೆ ಒತ್ತುತ್ತವೆ. ಭಾರ ತಲೆಯ ಭಾಗದ ಮೇಲೆ ಬೀಳಬೇಕು, ಚಾಚುಗಳ ಮೇಲಲ್ಲ. ಒಗೆದ ಹತ್ತಿಬಟ್ಟೆಯ ದಿಂಬು ಸಾಕು. ಗುಡಿಗಾರರಿಂದ ಚೆಂದದ ಕಟ್ಟಿಗೆಯ ಪೀಠ ಕೆತ್ತಿಸುವ ಆಸೆಯಾಗುತ್ತದೆ, ಅದನ್ನು ಹೊರಗೆ ಪ್ರದರ್ಶನಕ್ಕೆ ಇಟ್ಟುಕೊಳ್ಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಕಟ್ಟಿಗೆ ಬಿಡುವ ಹುಳಿ ಆವಿ ಲೋಹಕ್ಕೆ ಆಗಿಬರುವುದಿಲ್ಲ.

ಒಳಗಿಡುವ ಮುನ್ನ ಇರುವ ಕಿಲುಬನ್ನು ತೆಗೆಯಲೇಬೇಕು, ಯಾವ ಕ್ಯಾಬಿನೆಟ್ಟೂ ಅದನ್ನು ಅಳಿಸದು. ಹಿತ್ತಾಳೆ ಚರ್ಮಕ್ಕೆ ತಾಗುವಲ್ಲಿ, ಚರ್ಮದ ಕೊಬ್ಬು ತಾಮ್ರದೊಡನೆ ಸೇರಿ ಹಸಿರು ಮೇಣವಾಗಿ ಕೂತಿರುತ್ತದೆ. ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ, ಒಣ ಬಟ್ಟೆಯಿಂದ ಒರೆಸಿ. ದೇವರ ದೀಪದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಧಿಕಾರಿಯ ಟೋಪಿಯ ಚಿನ್ನದ ಲೇಪ ಹೋಗುತ್ತದೆ, ಹುಳಿನೀರು ಚರ್ಮಕ್ಕೆ ಇಳಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಕೊನೆಗೆ ಲೋಹಕ್ಕೆ ಮಾತ್ರ ರಿನೈಸಾನ್ಸ್ ವ್ಯಾಕ್ಸ್ ಎಂಬ ಮೇಣವನ್ನು ತೆಳುವಾಗಿ ಬಳಿದರೆ ಮುಗಿಯಿತು. ಗಲ್ಲದ ಪಟ್ಟಿ ಬಿಚ್ಚಿದರೆ ಅದರ ಎರಡು ಬದಿಯ ಬಣ್ಣದ ಬಿಲ್ಲೆಗಳು, ಅಂದರೆ ಕೊಕಾರ್ಡೆಗಳು, ಅದಲುಬದಲಾಗದಂತೆ ನೋಡಿಕೊಳ್ಳಿ: ತೊಟ್ಟವನ ಬಲಕ್ಕೆ 1897ರಲ್ಲಿ ಬಂದ, ಇಡೀ ಜರ್ಮನ್ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪಿನದು, ಎಡಕ್ಕೆ ರಾಜ್ಯದ್ದು, ಪ್ರಶ್ಯದ್ದಾದರೆ ಕಪ್ಪು-ಬಿಳಿ-ಕಪ್ಪು.

ದೂರು ಇರುವುದು ಬಾಗಿಲಿನ ರಬ್ಬರಿನ ಬಗ್ಗೆ. ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ, ಬಿಗಿಯಾಗಿ ಬರಬೇಕು. ಇದರ ಕೆಳಮೂಲೆಯಲ್ಲಿ ನೋಟು ಸಲೀಸಾಗಿ ಜಾರಿತು. ಕೀಲಿನ ಸ್ಕ್ರೂ ಅರ್ಧ ಸುತ್ತು ಬಿಗಿದ ಮೇಲೆ ಸರಿಹೋಯಿತು. ಅಷ್ಟನ್ನು ಮಾಡದಿದ್ದರೆ ಜುಲೈನಲ್ಲಿ ಕರೆಂಟು ಹೋದ ರಾತ್ರಿ ಒಳಗಿನ ಅಂಕಿ ಹೊರಗಿನದನ್ನು ಹಿಂಬಾಲಿಸುತ್ತದೆ. ಅಂಥ ರಾತ್ರಿಗಳಿಗೆಂದು ಬಣ್ಣ ಬದಲಿಸುವ ಸಿಲಿಕಾ ಜೆಲ್ 200 ಗ್ರಾಂ ಒಂದು ಡಬ್ಬಿಯಲ್ಲಿ ತೆಗೆದಿಡಿ, ಕರೆಂಟು ಹೋದಾಗ ಪೆಟ್ಟಿಗೆಯೊಳಗೆ ಇಟ್ಟು, ಬಂದೊಡನೆ ಹೊರಗೆ ತೆಗೆಯಿರಿ. ಮಳೆಗಾಲದ ಬಿಸಿಲನ್ನು ನಂಬಿ ಅದನ್ನು ಅಂಗಳದಲ್ಲಿ ಹರಡಿದರೆ ಒಣಗದು. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ.